40 ಮೀಟರ್ ಹ್ಯಾಮ್ ರೇಡಿಯೊ ಬ್ಯಾಂಡ್‌ನ ಇನ್ವರ್ಟೆಡ್ ವಿ (ನಡುವೆ ಎತ್ತಿ ಎರಡು ಕಾಲು ಇಳಿಬಿಟ್ಟ ತಂತಿ ಆಂಟೆನಾ): 7.1 ಮೆಗಾಹರ್ಟ್ಜ್‌ನಲ್ಲಿ ಎಸ್‌ಡಬ್ಲ್ಯುಆರ್ 3ರ ಕೆಳಗೆ ಇಳಿಯುತ್ತಿಲ್ಲ

ಪ್ರಶ್ನೆ:
143 ಅನ್ನು 7.1ರಿಂದ ಭಾಗಿಸಿ, ಬಂದದ್ದನ್ನು ಅರ್ಧ ಮಾಡಿ, ಒಂದೊಂದು ಕಾಲಿಗೆ 10.07 ಮೀಟರ್ ಬಿಟ್ಟಿದ್ದೇನೆ. ಮನೆ ವೈರಿಂಗ್‌ನ 1.5 ಸ್ಕ್ವೇರ್ ಎಂಎಂ ಪಿವಿಸಿ ವೈರ್. ನೆತ್ತಿ 9 ಮೀಟರ್, ತುದಿಗಳು 2.5 ಮೀಟರ್ ಎತ್ತರ. ಬಾಲನ್ (ಕೇಬಲ್‌ಗೂ ಆಂಟೆನಾಗೂ ನಡುವೆ ಹಾಕುವ ಹೊಂದಿಕೆ ಸಾಧನ) ಇಲ್ಲ, 15 ಮೀಟರ್ ಆರ್‌ಜಿ-58 ಕೋಆಕ್ಸ್ ಕೇಬಲ್ ನೇರ ಬೆಸುಗೆ. ಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಿಕೆಯ ಅಳತೆ, 1 ಆದರ್ಶ) 6.78ರಲ್ಲಿ ಕನಿಷ್ಠ 1.4, 7.1ರಲ್ಲಿ 3ರ ಮೇಲೆ. ಕೇಬಲ್ ಹಿಡಿದರೆ ಮೀಟರ್ ಅಲ್ಲಾಡುತ್ತದೆ.

ಉತ್ತರ 1:
ವೈರ್ ಉದ್ದವಾಗಿದೆ ಸರ್. 143ರ ಲೆಕ್ಕ ಬರಿ ತಾಮ್ರಕ್ಕೆ, ಅದೂ ಎತ್ತರದಲ್ಲಿ ನೇರ ಕಟ್ಟಿದಾಗ. ಪಿವಿಸಿ ಹೊದಿಕೆಯಿದ್ದರೆ 3ರಿಂದ 5 ಶೇಕಡ ಕಡಿಮೆ ಸಾಕು. ತುದಿ ನೆಲಕ್ಕೆ ಹತ್ತಿರವಾದಷ್ಟೂ ಆವರ್ತನ ಇನ್ನೂ ಇಳಿಯುತ್ತದೆ. 10.07 × 6.78 ÷ 7.1 = 9.62. ಕಾಲಿಗೆ 45 ಸೆಂ.ಮೀ. ತೆಗೆಯಿರಿ.

ಉತ್ತರ 2:
ಕಟಿಂಗ್ ಪ್ಲೇಯರ್ ಸ್ವಲ್ಪ ಕೆಳಗಿಡಿ. ಕೇಬಲ್ ಹಿಡಿದರೆ ಮೀಟರ್ ಅಲ್ಲಾಡುತ್ತದೆ ಅಂದಿರಲ್ಲ, ಮುಖ್ಯ ಸುಳಿವು ಅದೇ. ಕೋಆಕ್ಸ್ ಜಾಲರಿಯ ಹೊರಮೈಯಲ್ಲಿ ಕರೆಂಟ್ ಹರಿದು, ಕೇಬಲ್ಲೇ ಮೂರನೇ ಕಾಲಾಗಿದೆ. ಹಾಗಿರುವಾಗ 6.78 ಅನ್ನೋ ಅಂಕಿಯನ್ನೇ ನಂಬುವಂತಿಲ್ಲ. ಮೊದಲು ಆ ಹೊರಮೈ ಕರೆಂಟ್ ತಡೆಯುವ ಚೋಕ್: ಎಫ್‌ಟಿ240-31 ಫೆರೈಟ್ ರಿಂಗ್ ಮೇಲೆ ಅದೇ ಆರ್‌ಜಿ-58 ಅನ್ನು 12 ಸುತ್ತು ಸುತ್ತಿ, ಫೀಡ್ ಪಾಯಿಂಟ್‌ಗೆ (ಕೇಬಲ್ ಆಂಟೆನಾಗೆ ಸೇರುವ ಜಾಗ) ತಾಗಿದಂತೆ ಕೂರಿಸಿ. ಆಮೇಲೆ ಅಳೆಯಿರಿ.

ಪ್ರಶ್ನೆ:
ಆ ರಿಂಗ್ ಇಲ್ಲಿ ಸಿಗುತ್ತಿಲ್ಲ. ಹಳೇ ಕಂಪ್ಯೂಟರ್ ಎಸ್‌ಎಂಪಿಎಸ್‌ (ಪವರ್ ಸಪ್ಲೈ) ಒಳಗಿನ ಹಳದಿ ರಿಂಗ್ ಆಗುತ್ತಾ?

ಉತ್ತರ 2:
ಬೇಡ. ಅದು ಐರನ್ ಪೌಡರ್, ಈ ಕೆಲಸಕ್ಕೆ ಬರುವುದಿಲ್ಲ. ಬದಲಿಗೆ 110 ಎಂಎಂ ಪಿವಿಸಿ ಪೈಪ್ ಮೇಲೆ 20 ಸುತ್ತು, ಪಕ್ಕಪಕ್ಕ, ಒಂದೇ ಪದರ. ಸುಮಾರು 7 ಮೀಟರ್ ಕೇಬಲ್ ಬೇಕು. ಹಗ್ಗದ ಹಾಗೆ ಸುರುಳಿ ಮಾಡಿ ಟೇಪ್ ಸುತ್ತಿಬಿಡಬೇಡಿ. ಮೊದಲ ಸುತ್ತು ಕೊನೆಯದರ ಪಕ್ಕ ಬಂದರೆ ಕೆಪಾಸಿಟೆನ್ಸ್ ಹೆಚ್ಚಿ ಚೋಕ್ ಇದ್ದೂ ಇಲ್ಲದಂತೆ.

ಪ್ರಶ್ನೆ:
ಪೈಪ್ ಚೋಕ್ ಹಾಕಿದೆ. ಈಗ ಕೇಬಲ್ ಮುಟ್ಟಿದರೂ ಮೀಟರ್ ಅಲ್ಲಾಡುವುದಿಲ್ಲ. ಎಸ್‌ಡಬ್ಲ್ಯುಆರ್ ಕನಿಷ್ಠವಾಗುವ ಆವರ್ತನ 6.84ಕ್ಕೆ ಬಂದಿದೆ.

ಉತ್ತರ 1:
ಹಾಗಾದರೆ 37 ಸೆಂ.ಮೀ. ಸಾಕು, ನನ್ನ ಲೆಕ್ಕ ನಂಬಿ ಕತ್ತರಿಸಿದ್ದರೆ 8 ಸೆಂ.ಮೀ. ಹೆಚ್ಚು ಹೋಗುತ್ತಿತ್ತು. ಈಗಲೂ ಕತ್ತರಿಸಬೇಡಿ. ಮೊದಲು 30 ಸೆಂ.ಮೀ. ಹಿಂದಕ್ಕೆ ಮಡಚಿ, ಅದೇ ವೈರಿಗೆ ಬಿಗಿಯಾಗಿ ಸುತ್ತಿ ಅಳೆಯಿರಿ. ಉಳಿದದ್ದು ಎರಡೆರಡು ಸೆಂ.ಮೀ., ಎರಡೂ ಕಡೆ ಸಮ.

ಉತ್ತರ 2:
ಮಳೆಗೆ ಮುಂಚೆ ಬೆಸುಗೆಯ ಜಾಗ, ಮುಖ್ಯವಾಗಿ ಬಿಚ್ಚಿದ ಜಾಲರಿ, ಸೆಲ್ಫ್ ಅಮಾಲ್ಗಮೇಟಿಂಗ್ (ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್) ಟೇಪ್‌ನಿಂದ ಪೂರ್ತಿ ಮುಚ್ಚಿ. ಮಾಮೂಲಿ ಇನ್ಸುಲೇಷನ್ ಟೇಪ್ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಜಾಲರಿ ನೀರು ಹೀರಿ ಒಳಗೆ ಕಪ್ಪಾಗುತ್ತದೆ. ಮೋಸವೇನೆಂದರೆ ಕೇಬಲ್ ನಷ್ಟ ಹೆಚ್ಚಾದಾಗ ರಿಗ್ (ರೇಡಿಯೊ ಸೆಟ್) ಹತ್ತಿರದ ಮೀಟರ್ ಎಸ್‌ಡಬ್ಲ್ಯುಆರ್ ಚೆನ್ನಾಗಿದೆ ಅಂತಲೇ ತೋರಿಸುತ್ತದೆ.