ವರ್ತಕರ ಸಂಘಕ್ಕೆ ಚಂದಾ ಕಟ್ಟುತ್ತೇವೆ, ಅದು ನಮ್ಮ ಪರ ಮಾತಾಡುವುದು ಯಾವಾಗ?

ಹಳೇಪೇಟೆ ಕಿರಾಣಿ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹಳೇ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಅಪ್ಪನ ಕಾಲದಿಂದ ವರ್ತಕರ ಸಂಘಕ್ಕೆ ಚಂದಾ ಕಟ್ಟುತ್ತಿದ್ದೇವೆ. ಸಂಘದ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಒಂದು ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿದೆ. ಏನಾದರೂ ತೀರ್ಮಾನ ಆದ ಮೇಲೆ ನಮ್ಮವರು ಮನವಿ ಪತ್ರ ಹಿಡಿದು ಡಿಸಿ ಕಚೇರಿಗೆ ಹೋಗುತ್ತಾರೆ. ಮರುದಿನ ಪೇಪರ್‌ನಲ್ಲಿ ಫೋಟೋ ಬರುತ್ತದೆ. ಆ ಪತ್ರ ಆಮೇಲೆ ಏನಾಯ್ತು ಅಂತ ಮುಂದಿನ ಸಭೆಯಲ್ಲಿ ಯಾರೂ ಕೇಳುವುದಿಲ್ಲ.

2023ರ ಕರೆಂಟ್ ದರ ನೆನಪಿದೆ ಅಲ್ವಾ? ಮೇ 12ಕ್ಕೆ ಕರೆಂಟ್ ದರ ತೀರ್ಮಾನಿಸುವ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು, ಅದೂ ಏಪ್ರಿಲ್ 1ರಿಂದಲೇ ಲೆಕ್ಕ. ಜೂನ್ 22ಕ್ಕೆ ಹುಬ್ಬಳ್ಳಿಯ ವಾಣಿಜ್ಯ ಸಂಸ್ಥೆ ಬಂದ್‌ಗೆ ಕರೆ ಕೊಟ್ಟಿತು. ರಾಜ್ಯದ ವಾಣಿಜ್ಯೋದ್ಯಮ ಮಹಾಸಂಸ್ಥೆ, ಬೆಂಗಳೂರಿನ ಎಫ್‌ಕೆಸಿಸಿಐ ಅದಕ್ಕೆ ಕೈಜೋಡಿಸಲಿಲ್ಲ. ಆದೇಶವೂ ವಾಪಸ್ ಆಗಲಿಲ್ಲ. ಹಾಗಾದರೆ ನಾವು ಮಾತಾಡಬೇಕಾದ ಹೊತ್ತು ಯಾವುದು, ಜಾಗ ಯಾವುದು? ತಿಳಿದವರು ಹೇಳಿ.

ಲೆಕ್ಕದ ಮನೆ
ನಾನು ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುವವನು. ನಿಮ್ಮ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. 2003ರ ವಿದ್ಯುತ್ ಕಾಯ್ದೆಯ 64ನೇ ಕಲಂ ನೋಡಿ. ಕಂಪನಿ ದರ ಏರಿಸಿ ಅಂತ ಅರ್ಜಿ ಹಾಕಿದರೆ ಅದನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಬೇಕು. ಬಂದ ಸಲಹೆ, ಆಕ್ಷೇಪಣೆ ಎಲ್ಲವನ್ನೂ ಪರಿಶೀಲಿಸಿ ಆಯೋಗ 120 ದಿನದೊಳಗೆ ತೀರ್ಮಾನ ಕೊಡಬೇಕು.

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಕರೆಂಟ್ ಕಂಪನಿ ಬೆಸ್ಕಾಂಗೆ ಸೇರಿವೆ. ದರದ ಅರ್ಜಿ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಹೋಗುತ್ತದೆ. ಆಮೇಲೆ ಪೇಪರ್‌ನಲ್ಲಿ ಸಣ್ಣ ಅಕ್ಷರದ ಪ್ರಕಟಣೆ. ಆಕ್ಷೇಪಣೆಗೆ ದಿನ ಕೊಡುತ್ತಾರೆ, ಬಹಿರಂಗ ವಿಚಾರಣೆ ನಡೆಸುತ್ತಾರೆ. ಅಂದರೆ ಚಳಿಗಾಲದಲ್ಲಿ ಮಾತಾಡಬೇಕು. ನಾವು ಬಿಲ್ ಕೈಗೆ ಬಂದ ಮೇಲೆ ಬೇಸಿಗೆಯಲ್ಲಿ ಮಾತಾಡುತ್ತೇವೆ. ಅಷ್ಟೊತ್ತಿಗೆ ಆದೇಶ ಆಗಿ ಹೋಗಿರುತ್ತದೆ. ಅದನ್ನು ಪ್ರಶ್ನಿಸಲು ಮೇಲ್ಮನವಿ ಹಾಕಬೇಕು, ವಕೀಲರ ಖರ್ಚು ಯಾರು ಕೊಡುತ್ತಾರೆ?

ಎಫ್‌ಕೆಸಿಸಿಐ, ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಈ ವಿಚಾರಣೆಗಳಲ್ಲಿ ಆಕ್ಷೇಪಣೆ ಹಾಕುತ್ತವೆ. ಆದರೆ ಅವರ ಕೈಯಲ್ಲಿ ಇರುವುದು ಹೆಚ್ಚಾಗಿ ಬೆಂಗಳೂರಿನ ಲೆಕ್ಕ. ನಮ್ಮ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕಕ್ಕೆ ಫಿಕ್ಸೆಡ್ ಚಾರ್ಜ್ (ನಿಗದಿತ ಶುಲ್ಕ) ಎಷ್ಟು ಬೀಳುತ್ತದೆ, ಮೆಷಿನ್ ನಿಂತ ತಿಂಗಳಲ್ಲೂ ಎಷ್ಟು ಕಟ್ಟಬೇಕು ಅನ್ನುವುದು ಅವರ ಕಡತದಲ್ಲಿ ಎಲ್ಲಿಂದ ಬರಬೇಕು? ನಾವು ಕೊಟ್ಟರೆ ತಾನೇ.

ಹರಿಹರದ ಹೊಳೆದಂಡೆ
ಕಾಗದ ಬರೆದರೆ ಎಲ್ಲ ಆಗುತ್ತದೆ ಅನ್ನುವವರಿಗೆ 2025ರ ಜುಲೈ ನೆನಪಿಸುತ್ತೇನೆ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ಹೋಯ್ತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಜುಲೈ 25ಕ್ಕೆ ಬಂದ್ ಅಂದರು. 23ಕ್ಕೇ ಮುಖ್ಯಮಂತ್ರಿ ಸಭೆ ಕರೆದರು. ಹಳೇ ಬಾಕಿಗೆ ಒತ್ತಾಯ ಮಾಡಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂತ ಭರವಸೆ ಸಿಕ್ಕಿತು. ಬಂದ್ ಕೈಬಿಟ್ಟರು.

ಯಾವ ಅಫಿಡವಿಟ್ ಇಷ್ಟು ಬೇಗ ಕೆಲಸ ಮಾಡಿದೆ ಹೇಳಿ? ಬೀದಿಗೆ ಇಳಿಯುವ ಶಕ್ತಿ ಇದ್ದರೆ ಮಾತ್ರ ಮೇಜಿನ ಮುಂದೆ ಕುರ್ಚಿ ಸಿಗುತ್ತದೆ. ಸುಮ್ನೆ ಲೆಕ್ಕ ಹಿಡಿದು ಹೋದವನನ್ನು ವರಾಂಡದಲ್ಲಿ ಕೂರಿಸುತ್ತಾರೆ.

ಲೆಕ್ಕದ ಮನೆ
ಹರಿಹರದವರೇ, ಆ ಗೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಏನು ಬದಲಾಯ್ತು, ಏನು ಬದಲಾಗಲಿಲ್ಲ ನೋಡಿ. ಜಿಎಸ್‌ಟಿ ನೋಂದಣಿಗೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟಿನ ಮಿತಿ ಇದ್ದ ಹಾಗೇ ಇದೆ. ಅದು ಜಿಎಸ್‌ಟಿ ಕೌನ್ಸಿಲ್ ವಿಷಯ, ಒಂದು ರಾಜ್ಯದ ಮುಖ್ಯಮಂತ್ರಿ ಒಬ್ಬರೇ ಬದಲಾಯಿಸುವುದಲ್ಲ. ಮಿತಿ ದಾಟಿದವರಿಗೆ ನೋಂದಣಿ ಬೇಕೇ ಬೇಕು. ಬಂದ್‌ನಿಂದ ಹಳೇ ನೋಟಿಸ್‌ನ ಬಿಸಿ ಕಡಿಮೆ ಆಯ್ತು, ಅಷ್ಟೇ.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. ವಿನಾಯಿತಿ ಇರುವ ಸರಕು ಮಾತ್ರ ಮಾರುವವರು ಯಾರು, ಮಿತಿ ದಾಟಿದವರು ಯಾರು ಅಂತ ನಮ್ಮ ಸಂಘಗಳು ಮೊದಲೇ ಸದಸ್ಯರಿಗೆ ತಿಳಿಸಿ ಹೇಳಬಹುದಿತ್ತು. ಒಂದೂವರೆ ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿ ವಹಿವಾಟಿನ 1% ಕಟ್ಟಿ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಹೋಗಬಹುದು. ಈ ಮಾತು ಎಷ್ಟು ಅಂಗಡಿಯವರಿಗೆ ಗೊತ್ತಿತ್ತು? ಸರ್ಕಾರಕ್ಕೆ ನಮ್ಮ ಮಾತು ಮುಟ್ಟಿಸುವಷ್ಟೇ ಮುಖ್ಯ, ಸರ್ಕಾರದ ಮಾತನ್ನು ಸದಸ್ಯರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು. ಅದೂ ಸಂಘದ ಕೆಲಸವೇ.

ಮೆಕ್ಕೆಜೋಳ
ವರ್ತಕರೇ ಮಾತಾಡುತ್ತಿದ್ದೀರಿ. ಮಾಯಕೊಂಡ ಕಡೆಯ ರೈತ ನಾನು, ನನ್ನದೂ ಒಂದು ಮಾತು ಇರಲಿ.

ನೀವು ಗೆದ್ದ ಲಾಬಿ ಒಂದನ್ನು ಇಲ್ಲಿ ಯಾರೂ ಹೇಳಲಿಲ್ಲ. ಎಪಿಎಂಸಿ ಸೆಸ್, ಅಂದರೆ ಕೃಷಿ ಮಾರುಕಟ್ಟೆ ಸಮಿತಿಯ ಶುಲ್ಕ. ಮೊದಲು ನೂರು ರೂಪಾಯಿಗೆ ಒಂದೂವರೆ ರೂಪಾಯಿ ಇತ್ತು. 2020ರಲ್ಲಿ ಸಮಿತಿಯ ಯಾರ್ಡ್ (ಮಾರುಕಟ್ಟೆ ಪ್ರಾಂಗಣ) ಹೊರಗೂ ವ್ಯಾಪಾರ ಮಾಡಬಹುದು ಅಂತ ಕಾಯ್ದೆ ತಿದ್ದಿದರು. ಹೊರಗೆ ಸೆಸ್ ಇಲ್ಲ, ಒಳಗೆ ಇದೆ, ಇದು ಅನ್ಯಾಯ ಅಂತ ವರ್ತಕರು ಕೂಗಿದರು. ಅದರಲ್ಲಿ ನ್ಯಾಯ ಇತ್ತು, ಒಪ್ಪುತ್ತೇನೆ. 35 ಪೈಸೆಗೆ ಇಳಿಸಿದರು. ಸಮಿತಿಗಳಿಗೆ ಖರ್ಚು ತೂಗಿಸಲು ಆಗಲಿಲ್ಲ. ವರ್ಷದ ಕೊನೆಗೆ ಒಂದು ರೂಪಾಯಿ ಮಾಡಿದರು, ಮತ್ತೆ ಗಲಾಟೆ ಆಯ್ತು, 60 ಪೈಸೆಗೆ ಬಂದು ನಿಂತಿತು.

ಸೆಸ್ ಕಟ್ಟುವವನು ಖರೀದಿದಾರ. ಆದರೆ ಆ ದುಡ್ಡಿನಿಂದ ಆಗಬೇಕಾದ ಹರಾಜು ಕಟ್ಟೆ, ನೆರಳು, ಕುಡಿಯುವ ನೀರು, ಸರಿಯಾದ ತೂಕ ಬೇಕಾಗಿರುವುದು ನಮಗೆ. ಮಳೆಯಲ್ಲಿ ನೆನೆಯುವುದು ನಮ್ಮ ಮೆಕ್ಕೆಜೋಳ. ತೇವಾಂಶ ಜಾಸ್ತಿ ಅಂತ ದರ ಮುರಿಯುವುದೂ ನಮ್ಮ ಚೀಲದ್ದೇ. ಸೆಸ್ ಇಳಿಸಿ ಅಂತ ಕೇಳುವಾಗ ಈ ಲೆಕ್ಕ ನಿಮ್ಮ ಮನವಿ ಪತ್ರದಲ್ಲಿ ಇತ್ತಾ? ನಿಮ್ಮ ಪಾಲಿನ ಉಳಿತಾಯ ಮಾತ್ರ ಇತ್ತಾ?

ಹಳೇಪೇಟೆ ಕಿರಾಣಿ
ಇದು ತೂಕದ ಮಾತು. ಒಂದೇ ಯಾರ್ಡ್‌ನಲ್ಲಿ ಕೂತು ವ್ಯಾಪಾರ ಮಾಡುವ ರೈತ ಸಂಘದವರನ್ನೂ ಕರೆದು, ಸೆಸ್ ಇಷ್ಟು ಇರಲಿ, ಅದರಲ್ಲಿ ಇಷ್ಟು ಯಾರ್ಡ್‌ಗೇ ಖರ್ಚಾಗಲಿ ಅಂತ ಇಬ್ಬರೂ ಒಂದೇ ಪತ್ರಕ್ಕೆ ಸಹಿ ಹಾಕಿದ್ದರೆ ಅದನ್ನು ತಳ್ಳಿಹಾಕುವುದು ಯಾವ ಸರ್ಕಾರಕ್ಕೂ ಕಷ್ಟ ಆಗುತ್ತಿತ್ತು.

ಹರಿಹರದ ಹೊಳೆದಂಡೆ
ಕೇಳಲು ಚೆನ್ನಾಗಿದೆ. ದರದ ವಿಷಯದಲ್ಲಿ ಕೊಳ್ಳುವವನೂ ಮಾರುವವನೂ ಒಂದೇ ಸಹಿ ಹಾಕುವುದು ನಾನು ನೋಡಿಲ್ಲ.

ಮೆಕ್ಕೆಜೋಳ
ದರ ಬೇರೆ, ಯಾರ್ಡ್ ಬೇರೆ. ಕಟ್ಟೆ, ತೂಕ, ನೆರಳಿಗೆ ನಾವು ನಾಳೆಯೇ ಸಹಿ ಹಾಕುತ್ತೇವೆ.

ಹೊಲಿಗೆ ಘಟಕ
ರೆಡಿಮೇಡ್ ಹೊಲಿಯುವ ಸಣ್ಣ ಘಟಕ ನಡೆಸುತ್ತೇನೆ. ಕೆಲಸಕ್ಕೆ ಇರುವವರೆಲ್ಲ ಹೆಣ್ಣುಮಕ್ಕಳು. ನನಗೆ ಸಂಘದ ಸದಸ್ಯತ್ವ ಇದೆ. ಸಭೆ ಕರೆಯುವುದು ರಾತ್ರಿ ಎಂಟೂವರೆಗೆ. ಅಂಗಡಿ ಮುಚ್ಚಿ ಬರುವವರಿಗೆ ಅದು ಅನುಕೂಲ, ಸರಿ. ನನ್ನಂಥವರಿಗೆ ಕಷ್ಟ. ಹಾಗಾಗಿ ನಮ್ಮ ವಿಷಯ ಅಜೆಂಡಾಕ್ಕೇ ಬರುವುದಿಲ್ಲ. ಬೀದಿ ದೀಪ, ಸಂಜೆ ಏಳರ ನಂತರದ ಸಿಟಿ ಬಸ್, ಪೇಟೆಯಲ್ಲಿ ಹೆಂಗಸರಿಗೆ ಶೌಚಾಲಯ. ಇವು ಮಹಿಳೆಯರ ಸಮಸ್ಯೆ, ವ್ಯಾಪಾರದ ವಿಷಯ ಅಲ್ಲ ಅಂತ ಪಕ್ಕಕ್ಕೆ ಇಡುತ್ತಾರೆ. ಬಸ್ ಇಲ್ಲ ಅಂತ ಕೆಲಸಗಾರರು ಐದೂವರೆಗೇ ಎದ್ದು ಹೋದರೆ ನನ್ನ ಆರ್ಡರ್ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕಿಂತ ವ್ಯಾಪಾರದ ವಿಷಯ ಇನ್ನೇನಿದೆ?

ಸಂಘದ ಹೆಸರಲ್ಲಿ ಹೋಗುವ ಬೇಡಿಕೆ ಪಟ್ಟಿ ಯಾರು ಬರೆಯುತ್ತಾರೆ ಅನ್ನುವುದನ್ನು ಮೊದಲು ಕೇಳಬೇಕು.

ಮಿಲ್ ಕಾಲದವ
ವಯಸ್ಸಾದವನ ಮಾತು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ನೋಡಿದ್ದೇನೆ. ಹತ್ತಿ ಮಿಲ್‌ಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕೂಡ ನಿಂತಿತು. ಮಿಲ್ ಸಂಬಳದ ದಿನ ಪೇಟೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಟ್ಟೆ, ಕಿರಾಣಿ, ಪಾತ್ರೆ, ಹೋಟೆಲ್ ಎಲ್ಲ ಆ ದುಡ್ಡಿನ ಮೇಲೆ ನಿಂತಿದ್ದವು. ಮಿಲ್ ಮುಚ್ಚುವ ವಿಷಯ ಮಾಲೀಕರು ಮತ್ತು ಕಾರ್ಮಿಕರ ಜಗಳ ಅಂತ ಪೇಟೆಯ ಬಹಳ ಜನ ನೋಡಿಕೊಂಡು ಇದ್ದೆವು. ನಮ್ಮ ಗಿರಾಕಿ ಊರು ಬಿಟ್ಟು ಹೋಗುತ್ತಿದ್ದಾನೆ ಅಂತ ಅನ್ನಿಸಲೇ ಇಲ್ಲ.

1916ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಅವರ ಪ್ರೇರಣೆಯಿಂದ ವರ್ತಕರ ಸಂಸ್ಥೆಯಾದ ಮೈಸೂರು ಚೇಂಬರ್ ಹುಟ್ಟಿತು. ಈಗಿನ ಎಫ್‌ಕೆಸಿಸಿಐ ಅದೇ. ಆ ಕಾಲದ ಮಾತು ಕೈಗಾರಿಕೆ, ಶಿಕ್ಷಣ, ರೈಲು, ಬ್ಯಾಂಕ್ ಎಲ್ಲವನ್ನೂ ಒಟ್ಟಿಗೆ ನೋಡುತ್ತಿತ್ತು. ತೆರಿಗೆ ಇಳಿಸಿ ಅನ್ನುವುದೊಂದೇ ವರ್ತಕರ ಮಾತಾದರೆ ನಮ್ಮ ಮಾತಿನ ಬೆಲೆ ತಾನಾಗಿಯೇ ಇಳಿಯುತ್ತದೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗ ಎಷ್ಟು ವರ್ಷದಿಂದ ಎಳೆಯುತ್ತಿದೆ ನೋಡಿ. ಮೂರು ಜಿಲ್ಲೆಯ ವರ್ತಕರು ಅದರ ಹಿಂದೆ ಒಂದೇ ದನಿಯಲ್ಲಿ ಬಿದ್ದಿದ್ದಾರಾ? ಬೆಂಗಳೂರಿಗೆ ಅರಸೀಕೆರೆ ಸುತ್ತಿ ಹೋಗುವ ಸಮಯ ಉಳಿಯುತ್ತದೆ. ಸರಕಿಗೂ, ಜನರಿಗೂ.

ಗಾಡಿ ವ್ಯಾಪಾರಿ
ನಾನು ತಳ್ಳುಗಾಡಿಯವನು. ನಮಗೆ ಚೇಂಬರ್ ಇಲ್ಲ. ಮಂಡಕ್ಕಿ ಭಟ್ಟಿಯ ಕೆಲಸದವರಿಗೂ ಇಲ್ಲ. ಅಂಗಡಿಯವರ ಸಂಘ ಪಾಲಿಕೆಗೆ ಕೊಡುವ ಮನವಿಗಳಲ್ಲಿ ಫುಟ್‌ಪಾತ್ ತೆರವು ಮಾಡಿ ಅನ್ನುವ ಸಾಲು ಬಂದೇ ಬರುತ್ತದೆ. ನೀವು ಮಾತಾಡುವ "ವ್ಯಾಪಾರಿಗಳ ಹಿತ" ಅನ್ನುವುದರಲ್ಲಿ ನಾವು ಇದ್ದೇವಾ ಇಲ್ಲವಾ?

ಬಟ್ಟೆ ಅಂಗಡಿ
ಅಣ್ಣ, ನಿಮ್ಮ ಹೊಟ್ಟೆಪಾಡು ಗೊತ್ತು. ನಮ್ಮದೂ ಕೇಳಿ. ಬಾಡಿಗೆ, ಪಾಲಿಕೆ ಲೈಸೆನ್ಸ್, ಆಸ್ತಿ ತೆರಿಗೆ ಎಲ್ಲ ಕಟ್ಟಿ ಕೂತಿರುತ್ತೇವೆ. ಬಾಗಿಲ ಮುಂದೆ ಗಾಡಿ ನಿಂತರೆ ಗಿರಾಕಿ ಒಳಗೆ ಬರಲು ದಾರಿ ಇರಲ್ಲ. ಸ್ಮಾರ್ಟ್ ಸಿಟಿ ಕೆಲಸಕ್ಕೆ ರಸ್ತೆ ಅಗೆದಾಗಲೂ ನಷ್ಟ ತಿಂದವರು ನಾವೇ.

ಲೆಕ್ಕದ ಮನೆ
ಈ ಜಗಳಕ್ಕೆ ಜಾಗ ಮಾಡಿಕೊಟ್ಟಿರುವುದೇ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಪಾಲಿಕೆ ಆಯುಕ್ತರು ಅಧ್ಯಕ್ಷರು. ಕನಿಷ್ಠ 40% ಸದಸ್ಯರು ಬೀದಿ ವ್ಯಾಪಾರಿಗಳೇ ಆರಿಸಿದವರು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಅದೇ ಸಮಿತಿಯಲ್ಲಿ ಮಾರುಕಟ್ಟೆ ಸಂಘ, ವರ್ತಕರ ಸಂಘ, ಬಡಾವಣೆ ನಿವಾಸಿಗಳ ಸಂಘ, ಟ್ರಾಫಿಕ್ ಪೊಲೀಸ್ ಎಲ್ಲರಿಗೂ ಜಾಗ ಇದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವಂತಿಲ್ಲ ಅಂತಲೂ ಇದೆ. ಬಟ್ಟೆ ಅಂಗಡಿಯವರೂ ಗಾಡಿಯವರೂ ಒಂದೇ ಮೇಜಿಗೆ ಕೂರಬೇಕು ಅಂತ ಕಾನೂನೇ ಹೇಳುತ್ತಿದೆ. ಅದನ್ನು ಬಿಟ್ಟು ಒಬ್ಬರು ಆಯುಕ್ತರ ಕೊಠಡಿಗೆ, ಇನ್ನೊಬ್ಬರು ಶಾಸಕರ ಮನೆಗೆ ಹೋದರೆ ಗಟ್ಟಿ ಕೈಯವನೇ ಗೆಲ್ಲುವುದು.

ಇನ್ನೊಂದು ವಿಷಯ. 2019ರ ನವೆಂಬರ್‌ನಲ್ಲಿ 45 ವಾರ್ಡ್‌ಗೆ ಆರಿಸಿ ಬಂದ ನಮ್ಮ ಪಾಲಿಕೆ ಕೌನ್ಸಿಲ್‌ನ ಅವಧಿ ಮುಗಿದಿದೆ. ಚುನಾಯಿತರು ಇಲ್ಲದ ಹೊತ್ತಲ್ಲಿ ಅಧಿಕಾರಿಗಳ ಹತ್ತಿರ ಸುಲಭವಾಗಿ ಹೋಗಬಲ್ಲವರು ಸಂಘದವರು, ಸಾಮಾನ್ಯ ಜನ ಅಲ್ಲ. ಅಂಥ ಹೊತ್ತಲ್ಲಿ ಸಂಘ ಕೊಟ್ಟ ಪ್ರತಿ ಪತ್ರವೂ ಎಲ್ಲರಿಗೂ ಓದಲು ಸಿಗಬೇಕು. ಮುಚ್ಚಿದ ಬಾಗಿಲ ಹಿಂದೆ ಸಿಕ್ಕ ರಿಯಾಯಿತಿಯನ್ನು ಮುಂದಿನವರು ಬಂದು ಅಷ್ಟೇ ಸುಲಭವಾಗಿ ಕಿತ್ತುಕೊಳ್ಳುತ್ತಾರೆ. ದೊಡ್ಡ ನೀತಿ ಮಾಡುವಾಗ ಅದರ ಎಲ್ಲ ಮಾಹಿತಿ ಪ್ರಕಟಿಸಬೇಕು ಅಂತ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಸರ್ಕಾರಕ್ಕೆ ಹೇಳುತ್ತದೆ. ಸರ್ಕಾರದಿಂದ ಕೇಳುವ ಪಾರದರ್ಶಕತೆ ನಮ್ಮ ಪತ್ರಗಳಲ್ಲೂ ಇರಬೇಕು ಅಲ್ವಾ?

ಹರಿಹರದ ಹೊಳೆದಂಡೆ
ಎಲ್ಲ ಮೊದಲೇ ಬಯಲಿಗಿಟ್ಟರೆ ಚೌಕಾಸಿ ಮಾಡುವುದು ಹೇಗೆ? ಈ ಒಂದು ಮಾತು ನಾನು ಒಪ್ಪಲ್ಲ.

ಹೊಲಿಗೆ ಘಟಕ
ಚೌಕಾಸಿ ನಡೆಯುವುದು ಯಾರ ಹೆಸರಲ್ಲಿ? ನನ್ನ ಹೆಸರಲ್ಲೂ ಅಲ್ವಾ? ಹಾಗಾದರೆ ನನಗೆ ಗೊತ್ತಿರಲೇಬೇಕು.

ಲೆಕ್ಕದ ಮನೆಯವರೇ, ನನ್ನದು ಎಲ್‌ಟಿ-5, ಅಂದರೆ ಸಣ್ಣ ಕೈಗಾರಿಕೆಯ ಕರೆಂಟ್ ಸಂಪರ್ಕ. ಎರಡು ವರ್ಷದ ಬಿಲ್ ಇದೆ. ಯೂನಿಟ್, ಫಿಕ್ಸೆಡ್ ಚಾರ್ಜ್, ಕೆಲಸ ನಿಂತ ತಿಂಗಳು ಎಲ್ಲ ಬರೆದು ಕೊಡುತ್ತೇನೆ. ಆಕ್ಷೇಪಣೆಗೆ ಅದು ಉಪಯೋಗ ಆಗುತ್ತದಾ?

ಲೆಕ್ಕದ ಮನೆ
ಖಂಡಿತ. ಸ್ಯಾಂಕ್ಷನ್ ಲೋಡ್ (ಮಂಜೂರಾದ ವಿದ್ಯುತ್ ಹೊರೆ) ಎಷ್ಟು, ನಿಜವಾಗಿ ಬಳಸಿದ್ದು ಎಷ್ಟು ಅನ್ನುವುದೂ ಬೇಕು. ಇಪ್ಪತ್ತು ಮೂವತ್ತು ಘಟಕದ ಬಿಲ್ ಸಿಕ್ಕರೆ ದಾವಣಗೆರೆಯದೇ ಒಂದು ಕೋಷ್ಟಕ ಮಾಡಬಹುದು. ಅಫಿಡವಿಟ್ ಜತೆ ಹಾಕೋಣ, ವಿಚಾರಣೆಗೆ ಇಬ್ಬರಾದರೂ ಹೋಗೋಣ.

ಹಳೇಪೇಟೆ ಕಿರಾಣಿ
ಮುಂದಿನ ಸಭೆಗೆ ನಾನು ಮೂರು ವಿಷಯ ಬರೆದು ಕೊಡುತ್ತೇನೆ. ಬಿಲ್ ಸಂಗ್ರಹ ದೀಪಾವಳಿಗೆ ಮುಂಚೆ ಶುರು ಆಗಬೇಕು. ಯಾರ್ಡ್ ಕಟ್ಟೆ, ತೂಕದ ವಿಷಯಕ್ಕೆ ರೈತ ಸಂಘದವರನ್ನು ಕರೆಯಬೇಕು. ಸಭೆ ಹೊತ್ತು ಸಂಜೆ ಐದಕ್ಕೆ ಬರಬೇಕು, ತಿಂಗಳಿಗೆ ಒಂದು ಸಲವಾದರೂ.

ಗಾಡಿ ವ್ಯಾಪಾರಿ
ನಾಲ್ಕನೆಯದನ್ನೂ ಬರೆಯಿರಿ. ವ್ಯಾಪಾರ ಸಮಿತಿ ಕೊನೆಯ ಸಲ ಯಾವಾಗ ಸೇರಿತು, ಅದರಲ್ಲಿ ನಿಮ್ಮ ಸಂಘದ ಕಡೆಯಿಂದ ಯಾರು ಹೋಗಿದ್ದರು, ಏನು ಹೇಳಿದರು ಅಂತ.

ಹಳೇಪೇಟೆ ಕಿರಾಣಿ
ಬರೆಯುತ್ತೇನೆ. ಉತ್ತರ ಏನೇ ಬಂದರೂ ಇಲ್ಲೇ ಹಾಕುತ್ತೇನೆ.

ಹರಿಹರದ ಹೊಳೆದಂಡೆ
ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಹರಿಹರದಿಂದ ಐದಾರು ಬಿಲ್ ನಾನೂ ತರಿಸಿಕೊಡುತ್ತೇನೆ. ಆದರೂ ಬಂದ್ ಮಾಡುವ ಹಕ್ಕನ್ನು ಮಾತ್ರ ಬಿಟ್ಟುಕೊಡಬೇಡಿ.