ಕಪ್ಪು ಕಾಯಿ ಬಂದಾಗ ಯಾವ ಓಪನಿಂಗ್?

ತುಮಕೂರಿನಿಂದ ಪ್ರಶ್ನೆ:
ಏಳನೆಯ ತರಗತಿಯಲ್ಲಿರುವ ನನ್ನ ಮಗಳು ಕಡಿಮೆ ಸಮಯದಲ್ಲಿ ಮುಗಿಯುವ ರ‍್ಯಾಪಿಡ್ ಚೆಸ್ ಪಂದ್ಯಾವಳಿಗಳಲ್ಲಿ ಬಿಳಿ ಕಾಯಿಗಳಿಂದ ಚೆನ್ನಾಗಿಯೇ ಆಡುತ್ತಾಳೆ. ಕಪ್ಪು ಬಂದಾಗ ಮಾತ್ರ ಇಟಾಲಿಯನ್ ಓಪನಿಂಗ್‌ಗೆ (ಓಪನಿಂಗ್ ಎಂದರೆ ಆಟದ ಮೊದಲ ನಡೆಗಳ ಕ್ರಮ) ಸಿಕ್ಕಿ ಹತ್ತು ನಡೆಗಳೊಳಗೇ ಆಟ ಕೆಡುತ್ತಿದೆ. ಓಪನಿಂಗ್ ಬದಲಿಸಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಶಿರಾದಿಂದ:
ಬದಲಿಸುವ ಮೊದಲು ಎಲ್ಲಿ ಕೆಡುತ್ತಿದೆ ಎಂದು ನೋಡಿ, ಮೇಡಂ. ರ‍್ಯಾಪಿಡ್‌ನಲ್ಲಿ ನಡೆಗಳನ್ನು ಬರೆಯುವುದು ಕಡ್ಡಾಯವಲ್ಲದ ಕಾರಣ, ಆಟ ಮುಗಿದ ಕೂಡಲೇ ನೆನಪಿನಿಂದ ಬರೆಸಿಬಿಡಿ. ನಾನು ಹಾಗೆ ಬರೆದು ನೋಡಿದಾಗ ಮೂರು ಸೋಲಿನಲ್ಲೂ ಐದನೆಯ ನಡೆ ಒಂದೇ ಆಗಿತ್ತು. ಇ4 ಇ5 (ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ), ಎರಡೂ ಕಡೆಯಿಂದ ಒಂದೊಂದು ಕುದುರೆ, ಬಿಳಿಯ ಒಂಟೆ ಸಿ4ಕ್ಕೆ (ಇದೇ ಇಟಾಲಿಯನ್), ನನ್ನ ಇನ್ನೊಂದು ಕುದುರೆ ಎಫ್6ಕ್ಕೆ. ಆಗ ಬಿಳಿಯ ಕುದುರೆ ಜಿ5ಕ್ಕೆ ಹಾರಿ, ರಾಜನ ಹೊರತು ಬೇರೆ ಕಾವಲಿಲ್ಲದ ಎಫ್7ರ ಕಾಲಾಳಿಗೆ ಗುರಿಯಿಡುತ್ತದೆ. ಡಿ5 ಎಂದು ತಡೆದದ್ದು ಸರಿಯೇ, ಆದರೆ ಅವರು ಅದನ್ನು ಹೊಡೆದಾಗ ಹಿಂದೆಮುಂದೆ ನೋಡದೆ ಎಫ್6ರ ಕುದುರೆಯಿಂದಲೇ ಹೊಡೆದೆ. ಅವರು ಎಫ್7ರಲ್ಲಿ ಕುದುರೆಯನ್ನು ಬಲಿಕೊಟ್ಟು, ರಾಣಿಯನ್ನು ಎಫ್3ಕ್ಕೆ ತಂದು ಚೆಕ್ ಕೊಟ್ಟರು. ಡಿ5ರ ಕುದುರೆಯನ್ನು ಉಳಿಸಿಕೊಳ್ಳಲು ನನ್ನ ರಾಜ ಇ6ಕ್ಕೆ, ಅಂದರೆ ನಡುಬೀದಿಗೆ, ಬಂದು ನಿಂತ. ಇದಕ್ಕೆ ಫ್ರೈಡ್ ಲಿವರ್ ಎಂದು ಹೆಸರು. ಹುರಿದದ್ದು ಯಾರ ಪಿತ್ತಜನಕಾಂಗ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಅಲ್ಲಿ ಮರುಹೊಡೆತದ ಬದಲು ಸಿ6ರ ಕುದುರೆಯನ್ನು ಎ5ಕ್ಕೆ ನಡೆಸಿ ಒಂಟೆಯನ್ನು ಕೆಣಕಬೇಕು. ಒಂದು ಕಾಲಾಳು ಹೋಗುತ್ತದೆ, ನಿಜ. ಆದರೆ ಬಿಳಿಯ ಒಂಟೆ, ಕುದುರೆ ಎರಡೂ ಹಿಂದೆ ಸರಿಯುವಷ್ಟರಲ್ಲಿ ನಮ್ಮ ಕಾಯಿಗಳು ಹೊರಬಂದಿರುತ್ತವೆ.

ಕೋಲಾರದಿಂದ:
ನಾವು ಮಗನನ್ನು ಕಾರೊ-ಕಾನ್‌ಗೆ ಬದಲಿಸಿದೆವು: ಇ4ಕ್ಕೆ ಸಿ6, ಆಮೇಲೆ ಡಿ5. 1958ರಲ್ಲಿ ಬೊಟ್ವಿನಿಕ್ ಸ್ಮಿಸ್ಲೋವ್‌ರಿಂದ ವಿಶ್ವ ಪಟ್ಟವನ್ನು ಮರಳಿ ಪಡೆದಾಗ ನೆಚ್ಚಿಕೊಂಡಿದ್ದೂ ಇದನ್ನೇ. ಆದರೂ ಅದು ಕೈಗೆ ಹತ್ತಲು ತಿಂಗಳುಗಳೇ ಬೇಕಾದವು. ಬಿಳಿ ಇ5 ಎಂದು ಮುನ್ನುಗ್ಗಿದಾಗ ಒಂಟೆಯನ್ನು ಎಫ್5ಕ್ಕೆ ತರುವ ಮೊದಲೇ ಇ6 ಆಡಿ, ತನ್ನ ಒಂಟೆಯನ್ನು ತಾನೇ ಕೂಡಿಹಾಕಿಕೊಳ್ಳುತ್ತಿದ್ದ.

ಚಿಕ್ಕಬಳ್ಳಾಪುರದಿಂದ:
ಪಂದ್ಯಾವಳಿ ಹತ್ತಿರದಲ್ಲಿದ್ದರೆ ಇಷ್ಟು ಸಾಕು: ಮೂರನೆಯ ನಡೆಯಲ್ಲಿ ಕುದುರೆಯ ಬದಲು ಒಂಟೆಯನ್ನು ಸಿ5ಕ್ಕೆ ತರಲಿ. ಎಫ್6 ಖಾಲಿಯಿರುವುದರಿಂದ, ಕೂಡಲೇ ಜಿ5ಕ್ಕೆ ಹಾರಿದ ಕುದುರೆಯನ್ನು ರಾಣಿ ಡಿ8ರಿಂದಲೇ ಹೊಡೆಯುತ್ತದೆ. ಬಿಳಿ ಸಿ3 ಆಡಿದರೆ, ಆಗ ಕುದುರೆಯನ್ನು ಎಫ್6ಕ್ಕೆ ತಂದು ಇ4ರ ಕಾಲಾಳನ್ನು ಹಿಡಿಯಲಿ.