ರಾತ್ರಿ ಒಂಬತ್ತೂವರೆಯ ಮೇಲೆ ಯಾರಿರ್ತಾರೆ?

ಅಡ್ಮಿನ್: ನಮ್ಮ ವಸತಿ ಶಾಲೆಯ ಬೇಸಿಗೆ ಶಿಬಿರದ ಯೋಜನೆಯ ಪಿಡಿಎಫ್ ಈ ಗ್ರೂಪ್‌ಗೆ ಹಾಕಿದ್ದೀನಿ. ಎರಡು ವಾರ, ಹಾಸ್ಟೆಲ್‌ನಲ್ಲೇ ವಾಸ, 8ರಿಂದ 15 ವರ್ಷದವರು, ಒಟ್ಟು 96 ಮಕ್ಕಳು. ಈಜು, ಚಾರಣ, ನಾಟಕ, ಬಿಲ್ಲುಗಾರಿಕೆ, ರೋಬೋಟಿಕ್ಸ್ ಎಲ್ಲಾ ಇದೆ. ಮಕ್ಕಳನ್ನ ಕಳಿಸೋರು ಬೇಗ ಹೆಸರು ಕೊಡಿ.

ವಾರ್ಡನ್ ಮೇಡಂ: ಎಂಟೂ ಪುಟ ಓದಿದೆ. ಬೆಳಗ್ಗೆ 6ರಿಂದ ರಾತ್ರಿ 9.30ರ ತನಕ ಅರ್ಧ ಅರ್ಧ ಗಂಟೆಗೂ ಲೆಕ್ಕ ಇದೆ. ಅಲ್ಲಿಂದ ಬೆಳಗಾಗೋವರೆಗೆ ಒಂದು ಸಾಲೂ ಇಲ್ಲ. ಯಾವ ಮಹಡಿಯಲ್ಲಿ ಯಾರು ಮಲಗ್ತಾರೆ? ಎಚ್ಚರ ಇರೋರು ಯಾರು?

ಸಂಚಾಲಕ: ನಮಸ್ತೆ ಮೇಡಂ. ಸಿಬ್ಬಂದಿ 10 ಜನ ಇದ್ದೀವಿ. ಅಂದಾಜಿಗೆ ಇಟ್ಟಿದ್ದಲ್ಲ, ಶಿಬಿರಗಳಿಗೆ ಮಾನದಂಡ ಹಾಕಿಕೊಡೋ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್‌ನ ಕೋಷ್ಟಕ ನೋಡಿಯೇ ಹಾಕಿದ್ದು. 6–8 ವರ್ಷದ 8 ಮಕ್ಕಳಿಗೆ ಒಬ್ಬರು, 9–14ರ 10 ಮಕ್ಕಳಿಗೆ ಒಬ್ಬರು, 15 ಆದವರಲ್ಲಿ 12 ಮಂದಿಗೆ ಒಬ್ಬರು. ನಮ್ಮಲ್ಲಿ ಆಯಾ ಗುಂಪಿಗೆ 24, 60, 12 ಮಕ್ಕಳು. 3+6+1, ಸರಿಯಾಗಿ ಹತ್ತು.

ವಾರ್ಡನ್ ಮೇಡಂ: ಅದು ಸಂಜೆ ಮನೆಗೆ ಹೋಗೋ ಮಕ್ಕಳ ಶಿಬಿರದ ಲೆಕ್ಕ ಕಣಪ್ಪಾ. ರಾತ್ರಿ ಉಳಿಯೋ ಶಿಬಿರಕ್ಕೆ ಅದೇ ಕೋಷ್ಟಕದಲ್ಲಿ ಬೇರೆ ಅಂಕಿ ಇದೆ: 6ಕ್ಕೊಬ್ಬರು, 8ಕ್ಕೊಬ್ಬರು, 10ಕ್ಕೊಬ್ಬರು. 24ಕ್ಕೆ 4, 60ಕ್ಕೆ 8, 12ಕ್ಕೆ 2. ಹದಿನಾಲ್ಕಾಯ್ತು. ಮಕ್ಕಳ ಜೊತೆಗೇ ಇರೋರನ್ನ ಮಾತ್ರ ಎಣಿಸಬೇಕು. ಅಡುಗೆಯವರು, ಆಫೀಸಿನವರು ಇದರಲ್ಲಿ ಬರಲ್ಲ. ನಿನ್ನ ಹತ್ತರಲ್ಲಿ ಬಿಲ್ಲುಗಾರಿಕೆಯವರು, ರೋಬೋಟಿಕ್ಸ್‌ನವರು ಇಬ್ಬರೂ ಇದ್ದಾರೆ, ಪುಟ 5 ನೋಡು. ಪಾಠ ಮುಗಿಸಿ ಸಂಜೆ ಹೊರಟುಬಿಡ್ತಾರೆ. ರಾತ್ರಿಗೆ ಉಳಿಯೋದು ಎಂಟೇ ಜನ.

ಸಂಚಾಲಕ: ಶಾಲೆ ನಡೆಯುವಾಗ 40 ಮಕ್ಕಳ ಮಹಡಿಗೆ ಒಬ್ಬರೇ ವಾರ್ಡನ್ ಇರ್ತಾರಲ್ಲ ಮೇಡಂ? ಆಗ ನಡೆಯೋದು ಈಗ ಯಾಕೆ ನಡೆಯಲ್ಲ? ಬೇಸಿಗೆ ಶಿಬಿರ ಶುರುವಾಗಿದ್ದೇ ವಸತಿ ಶಾಲೆಯಿಂದ. 1861ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಫ್ರೆಡ್ರಿಕ್ ಗನ್ ತಮ್ಮ ಶಾಲೆಯ ಹುಡುಗರನ್ನ ಕಡಲತೀರಕ್ಕೆ ನಡೆಸಿಕೊಂಡು ಹೋಗಿ ಬಿಡಾರ ಹೂಡಿಸಿದ್ದರು. ಇದು ವಸತಿ ಶಾಲೆಗೆ ಹೊಸದೇನಲ್ಲ.

ವಾರ್ಡನ್ ಮೇಡಂ: ಗನ್ ಕರೆದುಕೊಂಡು ಹೋಗಿದ್ದು ತಮ್ಮ ಹುಡುಗರನ್ನೇ. ಯಾರು ಹೇಗೆ ಅಂತ ಅವರಿಗೆ ಗೊತ್ತಿತ್ತು. ಶಾಲೆ ನಡೆಯುವಾಗ ನಮಗೂ ಗೊತ್ತಿರುತ್ತೆ: ಯಾರು ನಿದ್ದೆಗಣ್ಣಲ್ಲಿ ಎದ್ದು ನಡೀತಾರೆ, ಯಾರಿಗೆ ಉಬ್ಬಸ, ಯಾರಿಗೂ ಯಾರಿಗೂ ಆಗಿಬರಲ್ಲ. ದೊಡ್ಡ ತರಗತಿಯವರು ಚಿಕ್ಕವರನ್ನ ನೋಡಿಕೊಳ್ತಾರೆ. ಕತ್ತಲಲ್ಲೂ ಬಚ್ಚಲುಮನೆಗೆ ದಾರಿ ತಪ್ಪಲ್ಲ. ಶಿಬಿರದಲ್ಲಿ 96 ಮಕ್ಕಳಿಗೂ ಕಟ್ಟಡ ಹೊಸದು, ಪಕ್ಕದ ಮಂಚದಲ್ಲಿ ಇರೋರು ಹೊಸಬರು. ನಿನ್ನ ಸಿಬ್ಬಂದಿಯಲ್ಲೂ ಅರ್ಧ ಜನ ಎರಡು ವಾರಕ್ಕೆ ಬಂದವರು. ಶಾಲೆಯ ಅಭ್ಯಾಸವನ್ನ ನಂಬಿಕೊಂಡು ಶಿಬಿರ ನಡೆಸೋಕೆ ಆಗಲ್ಲ.

ಅದಕ್ಕೇ ರಾತ್ರಿ ಪಾಳಿಯ ಪಟ್ಟಿ ಕೇಳ್ತಿರೋದು. ಪ್ರತಿ ಮಹಡಿಯಲ್ಲಿ ಇಬ್ಬರು ವಯಸ್ಕರು ಇರಬೇಕು, ಒಬ್ಬರೇ ಬೇಡ. ಒಬ್ಬರು ಮಗುವನ್ನ ಆರೈಕೆ ಕೋಣೆಗೆ ಕರೆದುಕೊಂಡು ಹೋದರೆ ಉಳಿದ ಮಹಡಿಗೆ ಯಾರು? ಇನ್ನೊಂದು ಕಾರಣವೂ ಇದೆ: ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನ ಜೊತೆ ಒಬ್ಬ ವಯಸ್ಕ ಮಾತ್ರ ಇರೋ ಸಂದರ್ಭವೇ ಬರಬಾರದು. ಈ ನಿಯಮದಿಂದ ಮಕ್ಕಳಿಗೂ ರಕ್ಷಣೆ, ಸಿಬ್ಬಂದಿಗೂ ರಕ್ಷಣೆ. ರಾತ್ರಿ ಸುತ್ತು ಹಾಕೋರು ತಲೆ ಎಣಿಸಿ ಸುಮ್ಮನಾಗಬಾರದು, ಮಂಚದ ಪಟ್ಟಿಯ ಹೆಸರಿಗೆ ಮುಖ ತಾಳೆ ನೋಡಬೇಕು. ಒಂದು ಕೋಣೆಯ ಹುಡುಗ ಇನ್ನೊಂದು ಕೋಣೆಯಲ್ಲಿ ಮಲಗಿದ್ರೂ ಒಟ್ಟು ಸಂಖ್ಯೆ ಸರಿಯಾಗೇ ಬರುತ್ತೆ. ಬೆಂಕಿ ಕವಾಯತು ಮೊದಲ ದಿನ ಕತ್ತಲಾಗೋ ಮುಂಚೆ ಮುಗಿಯಬೇಕು. ಪುಟ 7ರಲ್ಲಿ ನಾಲ್ಕನೇ ದಿನಕ್ಕೆ ಹಾಕಿದ್ದೀಯ. ಮೊದಲ ಮೂರು ರಾತ್ರಿ ಏನು ಗತಿ?

ನರ್ಸ್ ಅಕ್ಕ: ನಿದ್ದೆ ಲೆಕ್ಕನೂ ತಪ್ಪಿದೆ. 6–12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು, 13 ದಾಟಿದವರಿಗೆ 8ರಿಂದ 10. ದೀಪ ಆರಿಸೋದು 9.30ಕ್ಕೆ, ಎಬ್ಬಿಸೋದು 6ಕ್ಕೆ ಅಂದರೆ ಆರಿಸಿದ ಕ್ಷಣವೇ ಕಣ್ಣು ಮುಚ್ಚಿದ್ರೂ ಎಂಟೂವರೆ ಗಂಟೆ. ದೊಡ್ಡವರಿಗೆ ನಡೆಯುತ್ತೆ. ಎಂಟು ವರ್ಷದವರು ನಾಲ್ಕನೇ ದಿನಕ್ಕೇ ಮಾತೆತ್ತಿದರೆ ಅಳ್ತಾರೆ. ಮನೆ ನೆನಪು ಅಂತ ನಾವು ಅಂದುಕೊಳ್ಳೋದ್ರಲ್ಲಿ ಎಷ್ಟೋ ಸಲ ನಿದ್ದೆಗೇಡೇ ಇರುತ್ತೆ. ಚಿಕ್ಕವರಿಗೆ 8.30ಕ್ಕೆ ದೀಪ ಆರಿಸಿ, 6.30ಕ್ಕೆ ಎಬ್ಬಿಸಿ.

ಈಜು ಕೋಚ್: ಪುಟ 3. ಕೊಳದಲ್ಲಿ ಒಂದು ಸಲಕ್ಕೆ 32 ಮಕ್ಕಳು, ಕಲಿಸೋದೂ ಕಾಯೋದೂ ಒಬ್ಬರೇ. ಇದನ್ನ ಯಾರೇ ಹೇಳಿದ್ರೂ ನಾನು ಒಪ್ಪಲ್ಲ.

ಸಂಚಾಲಕ: ಅಣ್ಣ, ಅವರು ಲೈಫ್‌ಗಾರ್ಡ್ ತರಬೇತಿ ಆದವರು. ಈಜು ಬರುತ್ತಾ ಇಲ್ವಾ ಅಂತ ಅರ್ಜಿಯಲ್ಲೂ ಕೇಳಿದ್ದೀವಿ.

ಈಜು ಕೋಚ್: ತರಬೇತಿ ಆಗಿರಲಿ, ಕಣ್ಣು ಎರಡೇ ಅಲ್ವಾ? ಒಬ್ಬ ಹುಡುಗನಿಗೆ ಕಾಲು ಬಡಿಯೋದು ಹೇಳಿಕೊಡುವಾಗ ಮಿಕ್ಕ 31 ಮಕ್ಕಳಿಗೆ ಬೆನ್ನು ಹಾಕಿರ್ತಾರೆ. ಮುಳುಗೋ ಮಗು ಕೂಗಲ್ಲ, ಕೈ ಬೀಸಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ಉಸಿರಿಗೇ ಪರದಾಟ, ಕೂಗೋದೆಲ್ಲಿಂದ? ಸದ್ದೇ ಇಲ್ಲದೆ ಒಂದು ನಿಮಿಷದೊಳಗೆ ಮುಳುಗಿಬಿಡುತ್ತೆ. ಕಾಯೋರು ಕಾಯೋದು ಮಾತ್ರ ಮಾಡಬೇಕು, ನೀರಿನ ಹೊರಗೆ, ಎತ್ತರದಲ್ಲಿ. ಅರ್ಧ ಗಂಟೆಗೊಮ್ಮೆ ಬದಲಾಗಬೇಕು, ಅದಕ್ಕಿಂತ ಹೆಚ್ಚು ಹೊತ್ತು ನೀರನ್ನೇ ನೋಡ್ತಾ ಕೂತರೆ ಗಮನ ಹಾರುತ್ತೆ.

ಅರ್ಜಿಯಲ್ಲಿ ‘ಈಜು ಬರುತ್ತದೆ’ ಅಂತ ಬರೆಯೋರು ಅಪ್ಪ ಅಮ್ಮ. ಸೊಂಟದ ನೀರಲ್ಲಿ ನಾಲ್ಕು ಕೈ ಬೀಸಿದ್ರೂ ಅವರ ಪಾಲಿಗೆ ಅದು ಈಜೇ. ಮೊದಲ ದಿನ ಪ್ರತಿಯೊಬ್ಬರನ್ನೂ ಪರೀಕ್ಷೆ ಮಾಡಿ: ಆಳದ ನೀರಿಗೆ ಇಳಿಯೋದು, ಪೂರ್ತಿ ಮುಳುಗಿ ಮೇಲೆ ಬರೋದು, ನಿಲ್ಲದೆ ಈಜೋದು, ಕೊನೆಗೆ ಬೆನ್ನ ಮೇಲೆ ತೇಲಿ ಸುಧಾರಿಸಿಕೊಳ್ಳೋದು. ಬಹಳ ಮಕ್ಕಳು ಸೋಲೋದು ಆ ತೇಲೋದರಲ್ಲೇ, ಅದನ್ನ ಬಿಡಬೇಡಿ. ತೇರ್ಗಡೆಯಾದವರಿಗೆ ಒಂದು ಬಣ್ಣದ ಕೈಪಟ್ಟಿ, ಆಗದವರಿಗೆ ಇನ್ನೊಂದು. ಆಮೇಲೆ ಜೋಡಿ ಕಟ್ಟಿ, ಇಬ್ಬರೂ ಒಂದೇ ಬಣ್ಣದವರಾಗಿರಲಿ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಜೋಡಿ ಕೈ ಹಿಡಿದು ಎತ್ತಬೇಕು, ನೀರಿಗೆ ಇಳಿದವರ ಗುರುತಿಗೆ ದಂಡೆಯ ಫಲಕಕ್ಕೆ ಹಾಕಿದ ಬಿಲ್ಲೆಗಳಿಗೆ ಲೆಕ್ಕ ತಾಳೆಯಾಗಬೇಕು. ಗುಡುಗು ಕೇಳಿದರೆ ಎಲ್ಲರೂ ಹೊರಗೆ, ಕೊನೇ ಗುಡುಗಾಗಿ 30 ನಿಮಿಷ ಯಾರೂ ನೀರಿಗೆ ಇಳಿಯೋ ಹಾಗಿಲ್ಲ.

ನರ್ಸ್ ಅಕ್ಕ: ಔಷಧಿ ವಿಷಯಕ್ಕೆ ಬರ್ತೀನಿ. ‘ಎಲ್ಲ ಔಷಧಿಗಳನ್ನು ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿ ಇಡಲಾಗುವುದು’ ಅಂತ ಬರೆದಿದ್ದೀರಿ. ಆ ‘ಎಲ್ಲ’ ತೆಗೀರಿ. ಉಬ್ಬಸದ ಇನ್‌ಹೇಲರ್, ತೀವ್ರ ಅಲರ್ಜಿಗೆ ಕೊಡೋ ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ ಮಗುವಿನ ಹತ್ತಿರವೋ ಜೊತೆಗಿರೋ ಮೇಲ್ವಿಚಾರಕರ ಸೊಂಟದ ಚೀಲದಲ್ಲೋ ಇರಬೇಕು. ಪೆನ್ ಎರಡು ಬೇಕು. ಮೊದಲನೆಯದಕ್ಕೆ ಜಗ್ಗದಿದ್ದರೆ 5ರಿಂದ 15 ನಿಮಿಷದಲ್ಲಿ ಎರಡನೆಯದು ಕೊಡಬೇಕಾಗುತ್ತೆ, ಬೀಗದ ಕೈ ಹುಡುಕ್ತಾ ಓಡಾಡೋಕೆ ಹೊತ್ತಿರಲ್ಲ. ಉಳಿದ ಔಷಧಿಗೆ ಬೀಗ ಸರಿ. ಆದರೆ ಅಂಗಡಿಯಿಂದ ಬಂದ ಪೊಟ್ಟಣದಲ್ಲೇ, ಹೆಸರು, ಪ್ರಮಾಣ, ಹೊತ್ತು ಬರೆದದ್ದೇ ಬರಬೇಕು. ಡಬ್ಬಿಗೆ ಸುರಿದು ಕಳಿಸಿದ ಬಿಡಿ ಮಾತ್ರೆ ತಗೊಳ್ಳಬೇಡಿ.

ಇನ್ನು ವಾಂತಿಭೇದಿ. ನೋರೋವೈರಸ್ ಹಾಸ್ಟೆಲ್‌ಗೆ ಹೊಕ್ಕರೆ ಬಾಗಿಲ ಬಳಿ ಇಟ್ಟ ಸ್ಯಾನಿಟೈಸರ್‌ಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ. ಸೋಪು, ನೀರು ಬೇಕು, ನೆಲಕ್ಕೆ ಬ್ಲೀಚ್ ಬೇಕು. ವಾಂತಿ ನಿಂತ ಮೇಲೂ 48 ಗಂಟೆ ಆ ಮಗು ಬೇರೆ ಇರಬೇಕು. ಪ್ರತ್ಯೇಕ ಬಚ್ಚಲು ಇರೋ ಆರೈಕೆ ಕೋಣೆ ಯಾವುದು ಅಂತ ಈಗಲೇ ಗೊತ್ತುಮಾಡಿ.

ಮೇಂಟೆನೆನ್ಸ್ ಅಣ್ಣ: ನನ್ನದೂ ಒಂದು. ವಾರಗಟ್ಟಲೆ ಮುಚ್ಚಿದ್ದ ಹಾಸ್ಟೆಲ್‌ನ ಪೈಪಲ್ಲಿ ನಿಂತ ನೀರು ಉಗುರುಬೆಚ್ಚಗಾದರೆ ನ್ಯುಮೋನಿಯಾ ತರೋ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ. 20ರಿಂದ 45 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹೇಳಿ ಮಾಡಿಸಿದ ಶಾಖ. ಶವರ್‌ನ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ. ಮಕ್ಕಳು ಬರೋ ಮುಂಚೆ ಪ್ರತಿ ನಲ್ಲಿ, ಪ್ರತಿ ಶವರ್ ಬಿಟ್ಟು ನೀರು ಹರಿಸಿ. ಶವರ್ ತಲೆ ಬಿಚ್ಚಿ ತೊಳೀರಿ. ಬಿಸಿನೀರಿನ ಟ್ಯಾಂಕ್ 60 ಡಿಗ್ರಿಗೆ ಏರಲಿ, ಆದರೆ ನಲ್ಲಿಯಲ್ಲಿ ಮಕ್ಕಳ ಕೈ ಸುಡದ ಹಾಗೆ ತಣ್ಣೀರು ಬೆರೆಸೋ ವಾಲ್ವ್ ಕೆಲಸ ಮಾಡ್ತಿದೆಯಾ ನೋಡಿ.

ಪೋಷಕರು: ಫೋನ್ ಬಿಡಲ್ಲ ಅಂತ ಬರೆದಿದ್ದಾರಲ್ಲ, ಅದಕ್ಕೆ ನನ್ನ ತಕರಾರು. ಸೇರದಿದ್ದರೆ ಅವತ್ತೇ ಬಂದು ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟೇ ಮಗಳನ್ನ ಒಪ್ಪಿಸಿರೋದು. ದಿನಾ ರಾತ್ರಿ ಒಂದು ಕರೆ ಬೇಕೇ ಬೇಕು.

ನರ್ಸ್ ಅಕ್ಕ: ಆ ಮಾತು ವಾಪಸ್ ತಗೊಳ್ಳಿ ಅಂತ ಕೇಳಿಕೊಳ್ತೀನಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಮಕ್ಕಳ ಮನೆ ನೆನಪಿನ ಕೊರಗಿನ ಬಗ್ಗೆ ಹೊರತಂದ ವರದಿಯೂ ಇಂಥ ಒಪ್ಪಂದ ಬೇಡ ಅಂತಲೇ ಹೇಳುತ್ತೆ. ‘ನಿನ್ನ ಕೈಲಿ ಆಗಲ್ಲ’ ಅಂತ ಅಪ್ಪನೇ ಮೊದಲೇ ಹೇಳಿದ ಹಾಗಾಗುತ್ತೆ, ಮಗು ಹೊಂದಿಕೊಳ್ಳೋದು ಬಿಟ್ಟು ಹೊರಡೋ ಗಳಿಗೆಯನ್ನೇ ಕಾಯುತ್ತೆ. ಮಲಗೋ ಹೊತ್ತಿಗೆ ಅಮ್ಮನ ದನಿ ಕೇಳಿದರೆ ಸುಮ್ಮನಿದ್ದ ಮಗುವೂ ಅಳುತ್ತೆ. ಅದರ ಬದಲು ಈಗಿನಿಂದಲೇ ಎರಡು ಮೂರು ರಾತ್ರಿ ನೆಂಟರ ಮನೆಯಲ್ಲಿ ಫೋನಿಲ್ಲದೆ ಇರಿಸಿ ನೋಡಿ. ವಿಳಾಸ ಬರೆದ ಲಕೋಟೆಗಳನ್ನ ಚೀಲಕ್ಕೆ ಹಾಕಿ ಕಳಿಸಿ.

ಪೋಷಕರು: ಮನೆ ನೆನಪಿಗೆ ಅದು ಸರಿ ಅಕ್ಕ. ಅಲ್ಲಿ ಯಾರೋ ಕಾಟ ಕೊಟ್ಟರೆ? ಕಾಟ ಕೊಡೋರು ಮೇಲ್ವಿಚಾರಕರೇ ಆಗಿದ್ದರೆ? ಅವರನ್ನೇ ಕೇಳಿ ಫೋನ್ ಮಾಡಬೇಕಾ?

ವಾರ್ಡನ್ ಮೇಡಂ: ಈ ಮಾತಿಗೆ ನಾನು ನಿಮ್ಮ ಕಡೆ. ಯಾರ ಅನುಮತಿಯೂ ಬೇಡದ ಒಂದು ಫೋನ್ ಮಹಡಿಯಲ್ಲೇ ಇರಬೇಕು. ಶಿಬಿರದ ಸಿಬ್ಬಂದಿಗೆ ಸೇರದ, ಶಾಲೆ ಗೊತ್ತುಮಾಡಿದ ಒಬ್ಬರ ನಂಬರ್ ಅದರ ಮೇಲೇ ಅಂಟಿಸಿರಬೇಕು, ಮೊದಲ ದಿನವೇ ಮಕ್ಕಳಿಗೆ ತೋರಿಸಬೇಕು. ಪೆಟ್ಟು, ಜ್ವರ, ಜಗಳ ಏನೇ ಆದರೂ ಅದೇ ದಿನ ಮನೆಗೆ ತಿಳಿಸಬೇಕು. ದಿನಾ ರಾತ್ರಿಯ ಕರೆ ಮಾತ್ರ ಬೇಡ.

ಪೋಷಕರು: ಆ ಫೋನ್ ಇದ್ದರೆ ಕಳಿಸ್ತೀನಿ. ವಾರಕ್ಕೊಂದಾದರೂ ಕರೆ ಬೇಕು ಅನ್ನೋದನ್ನ ಬಿಡಲ್ಲ.

ಸಂಚಾಲಕ: ರಾತ್ರಿಗೆ ಎಂಟೇ ಜನ ಅನ್ನೋದು ನಿಜ. ಈ ಎಂಟು ಜನಕ್ಕೆ ಚಿಕ್ಕವರು 12, ನಡುವಿನವರು 40, ದೊಡ್ಡವರು 10, ಒಟ್ಟು 62 ಮಕ್ಕಳು ಸರಿಹೋಗ್ತಾರೆ. 96 ಬೇಕು ಅಂದರೆ ಇನ್ನೂ ಆರು ಜನ ಬೇಕು, ಶುಲ್ಕ ಏರಿಸದೆ ಆಗಲ್ಲ. ಆಡಳಿತ ಮಂಡಳಿ ಮುಂದೆ ಎರಡನ್ನೂ ಇಡ್ತೀನಿ.

ವಾರ್ಡನ್ ಮೇಡಂ: 62ಕ್ಕೇ ನಿಲ್ಲಿಸು ಅನ್ನೋದು ನನ್ನ ಅಭಿಪ್ರಾಯ. ಅವಸರದಲ್ಲಿ ಹುಡುಕಿದ ಆರು ಜನರ ಹಿನ್ನೆಲೆ ಪರಿಶೀಲನೆ ನೆಟ್ಟಗೆ ಆಗಲ್ಲ. ಆ 62ಕ್ಕೂ ಬದಲಿಗೆ ಅಂತ ಇಬ್ಬರು ಬೇಕು, ಎಂಟು ಜನವೂ ಎರಡು ವಾರ ರಜೆಯಿಲ್ಲದೆ ದುಡಿಯೋಕಾಗಲ್ಲ.

ಅಡ್ಮಿನ್: ಪಾಳಿಯ ಪಟ್ಟಿ ಬರೋವರೆಗೆ ಹೆಸರು ತಗೊಳ್ಳೋದು ನಿಲ್ಲಿಸಿದ್ದೀನಿ. ಹಳೇ ಪಿಡಿಎಫ್‌ನ ಯಾರೂ ಫಾರ್ವರ್ಡ್ ಮಾಡಬೇಡಿ.

ಈಜು ಕೋಚ್: ಹೊಸದರಲ್ಲಿ ಈಜಿನ ಪರೀಕ್ಷೆ ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಹಾಕು ತಮ್ಮಾ. ಈಜುಡುಗೆ, ಟವೆಲ್ ಚೀಲದಲ್ಲಿ ಮೇಲೇ ಇರಲಿ ಅಂತ ಮನೆಯವರಿಗೆ ಬರೆಯೋ ಪತ್ರದಲ್ಲಿ ಸೇರಿಸು.